ಲೇನ್ ಬಿಟ್ಟ ಮೇಲೆ

ಓಡುವುದೇ ನನ್ನ ಕೆಲಸವಾಗಿತ್ತು ಎಂದರೆ ಕೆಲವರು ಈಗಲೂ ನಂಬುವುದಿಲ್ಲ. ಸರ್ಕಾರಿ ಇಲಾಖೆಯೊಂದಕ್ಕೆ ಕ್ರೀಡಾ ಕೋಟಾದಲ್ಲಿ ಗುಮಾಸ್ತೆಯಾಗಿ ಸೇರಿ, ಸಕಲೇಶಪುರದ ಕಚೇರಿಯಲ್ಲಿ ಅರ್ಧ ದಿನ ಫೈಲು, ಅರ್ಧ ದಿನ ಓಟ ಎಂದು ನನ್ನ ವಯಸ್ಸಿನ ಒಳ್ಳೆಯ ಭಾಗವನ್ನು ಕಳೆದೆ. ಓಟ ನಿಂತ ಮೇಲೂ ಫೈಲು ಉಳಿದಿತ್ತು. ಈಚೆಗೆ ಸ್ವಯಂ ನಿವೃತ್ತಿ ಪಡೆದು ಅದನ್ನೂ ಬಿಟ್ಟೆ.

ಇಲಾಖೆಯ ತಂಡಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನ ನಂಬರು ಹುಡುಕಿ ಫೋನ್ ಮಾಡುತ್ತಾರೆ. ಹೆಚ್ಚಿನವರದು ಒಂದೇ ಪ್ರಶ್ನೆ. "ಮೇಡಂ, ನಾನು ನೂರು, ಇನ್ನೂರು ಮೀಟರ್ ಓಡೋಳು. ಎಂಟುನೂರಕ್ಕೆ ಹೋಗು ಅಂತಾವ್ರೆ. ಹೋಗ್ಲಾ?" ಫೋನಿನಲ್ಲಿ ನಾನು 'ಹೋಗು' ಎಂದಷ್ಟೇ ಹೇಳುತ್ತೇನೆ. ಹೋದರೆ ಏನೇನು ಆಗುತ್ತದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಟೈಮಿಂಗ್ ಮಾತ್ರ ಒಂದನ್ನೂ ಬರೆಯುವುದಿಲ್ಲ. ನಮ್ಮ ಕಾಲದ ಟೈಮಿಂಗ್ ನೋಡಿದರೆ ಈಗಿನವರಿಗೆ ನಗು ಬರುತ್ತದೆ.

ನಾನು ಹುಟ್ಟಿ ಬೆಳೆದದ್ದು ಬಿಸ್ಲೆ ಕಡೆಯ ಹೊಂಗಡಹಳ್ಳದ ಹತ್ತಿರ ಒಂದು ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಹಿಡಿದು ಕೆಲಸ ಮಾಡಿಸುವವರು. ನಮ್ಮ ಕಡೆ ನೂರು ಮೀಟರು ನೇರವಾಗಿ, ಸಮತಟ್ಟಾಗಿ ಇರುವ ಜಾಗವೇ ಇಲ್ಲ. ಶಾಲೆಯ ಮೈದಾನದಲ್ಲಿ ಚೆಂಡು ಬಿಟ್ಟರೆ ಅದು ತಾನಾಗಿ ಹಳ್ಳಕ್ಕೆ ಹೋಗಿ ಬೀಳುತ್ತಿತ್ತು. ಇದ್ದ ಒಂದೇ ಸಮತಟ್ಟು ಎಂದರೆ ಎಸ್ಟೇಟಿನವರು ಕಾಫಿ ಒಣಗಿಸುವ ಸಿಮೆಂಟಿನ ಕಣ. ನಮ್ಮ ಪಿ.ಟಿ. ಮೇಷ್ಟ್ರು ಬಸವೇಗೌಡರು ಅಪ್ಪನನ್ನು ಕೇಳಿ, ಅಪ್ಪ ಸಾಹುಕಾರರನ್ನು ಕೇಳಿ, ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತಿದ್ದ ಆ ಕಣದಲ್ಲಿ ನಮ್ಮನ್ನು ಓಡಿಸುತ್ತಿದ್ದರು. ಮೊದಲು ತೆಂಗಿನ ನಾರಿನಿಂದ ಪಾಚಿ ಉಜ್ಜಬೇಕು, ಆಮೇಲೆ ಓಟ. ಕಣದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಡ್ಡವಾಗಿ ಓಡಿದರೂ ನೂರು ಮೀಟರು ಆಗುತ್ತಿರಲಿಲ್ಲ. ಕೊನೆಯಲ್ಲಿ ಕಾಫಿ ಮೂಟೆ ಇಡುವ ಸ್ಟೋರಿನ ಗೋಡೆ. ಹಾಗಾಗಿ ಗೋಡೆ ಹತ್ತಿರ ಬಂದಂತೆ ವೇಗ ಇಳಿಸಿ, ಎರಡೂ ಕೈ ಚಾಚಿ ನಿಲ್ಲುವುದು ನಮಗೆಲ್ಲ ರೂಢಿಯಾಗಿತ್ತು.

ಮೊದಲ ಸಲ ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಸಕಲೇಶಪುರಕ್ಕೆ ಹೋದಾಗ ನೂರು ಮೀಟರಿನಲ್ಲಿ ನಾನು ಎಲ್ಲರಿಗಿಂತ ಮುಂದಿದ್ದೆ. ಗುರಿಗೆ ಕಟ್ಟಿದ್ದ ದಾರದ ಹತ್ತಿರ ಬರುತ್ತಲೇ ನನ್ನ ಕಾಲು ತಾನಾಗಿ ನಿಧಾನವಾಯಿತು, ಕೈ ತಾನಾಗಿ ಮುಂದೆ ಚಾಚಿತು. ಪಕ್ಕದ ಇಬ್ಬರು ನನ್ನನ್ನು ದಾಟಿ ದಾರ ಹರಿದರು.

ಮೇಷ್ಟ್ರು ಓಡಿ ಬಂದರು. "ಯಾಕಮ್ಮ ನಿಂತ್ಕಂಡೆ?"

"ಗೋಡೆ ಸಾ," ಎಂದೆ.

ಅವರು ಮೈದಾನದ ಆ ತುದಿಯವರೆಗೂ ನೋಡಿದರು. "ಎಲ್ಲೈತೆ ಗೋಡೆ?"

ನನಗೂ ಎಲ್ಲಿಯೂ ಕಾಣಲಿಲ್ಲ. ಅವರು ಬೈಯಲಿಲ್ಲ. ಮರುದಿನದಿಂದ ನಮ್ಮನ್ನು ಕಣದಲ್ಲಿ ಓಡಿಸುವುದನ್ನು ಬಿಟ್ಟು, ಡಾಂಬರು ರಸ್ತೆಯಲ್ಲಿ ಸ್ವಲ್ಪ ನೇರವಿದ್ದ ಕಡೆ ಓಡಿಸತೊಡಗಿದರು. ಬಸ್ಸು ಬಂದರೆ ಚರಂಡಿಗೆ ಇಳಿಯಬೇಕಿತ್ತು. ಆದರೂ ಅಲ್ಲಿಯೇ ಓಡಿ, ಹೈಸ್ಕೂಲು ಮುಗಿಯುವ ಹೊತ್ತಿಗೆ ಜಿಲ್ಲೆಯಲ್ಲಿ ನೂರು, ಇನ್ನೂರು ಎರಡರಲ್ಲೂ ನನ್ನ ಹೆಸರು ಮೊದಲಿಗೆ ಬರುತ್ತಿತ್ತು. ಆ ಹೆಸರಿನ ಮೇಲೆಯೇ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಕೆಲಸ ಸಿಕ್ಕಿತು.

ಕೆಲಸ ಸಿಕ್ಕ ಮೇಲೆ ನನ್ನ ಓಟ ಅಲ್ಲಿಗೇ ನಿಂತುಬಿಟ್ಟಿತು. ನಿಂತಿತು ಎಂದರೆ ಓಡುತ್ತಿದ್ದೆ, ವೇಗ ಮಾತ್ರ ಹೆಚ್ಚಲಿಲ್ಲ. ರಾಜ್ಯ ಮಟ್ಟದ ಫೈನಲ್ಲಿಗೆ ಬರುತ್ತಿದ್ದೆ, ಐದನೆಯವಳೋ ಆರನೆಯವಳೋ ಆಗಿ ಮುಗಿಸುತ್ತಿದ್ದೆ. ವಾರಕ್ಕೆರಡು ಸಲ ಹಾಸನಕ್ಕೆ ಹೋಗಿ ಗುರುಮೂರ್ತಿ ಸರ್ ಎಂಬ ಕೋಚ್ ಹತ್ತಿರ ಅಭ್ಯಾಸ ಮಾಡುತ್ತಿದ್ದೆ. ಅವರು ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ನಮ್ಮ ಏಳೆಂಟು ಜನ ಸ್ಪ್ರಿಂಟರ್‌ಗಳನ್ನು ಮುನ್ನೂರು ಮೀಟರು ಮತ್ತೆ ಮತ್ತೆ ಓಡಿಸಿದರು. ಮೊದಲ ಸಲ ನಾನು ಹಿಂದಿದ್ದೆ. ಆಮೇಲೆ ಒಬ್ಬೊಬ್ಬರೇ ಸುಸ್ತಾಗಿ ಹುಲ್ಲಿನ ಮೇಲೆ ಬಿದ್ದರು. ನಾನು ಮೊದಲ ಸಲ ಓಡಿದಷ್ಟೇ ಕೊನೆಯ ಸಲವೂ ಓಡಿದೆ. ಅದರಲ್ಲಿ ವಿಶೇಷವಿದೆ ಎಂದು ನನಗೆ ಅನ್ನಿಸಲಿಲ್ಲ.

ಸರ್ ಸ್ಟಾಪ್‌ವಾಚನ್ನು ಜೇಬಿಗೆ ಹಾಕಿಕೊಂಡು ಬಂದರು. "ಸುಮಿತ್ರ, ನೀನು ಎಂಟುನೂರಕ್ಕೆ ಹೋಗಮ್ಮ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ನಾವು ಸ್ಪ್ರಿಂಟರ್‌ಗಳು ನಮ್ಮನ್ನೇ ಒಂದು ಮೇಲಿನ ಜಾತಿ ಎಂದುಕೊಂಡಿದ್ದೆವು. ವೇಗ ಇಲ್ಲದವರು ದೂರ ಓಡುತ್ತಾರೆ ಎಂಬುದು ನಮ್ಮ ತಿಳಿವಳಿಕೆ.

"ನಂಗೆ ಸ್ಪೀಡ್ ಸಾಲ್ದು ಅಂತಾನಾ ಸಾರ್?"

"ಸ್ಪೀಡ್ ಇರೋರು ಬೇಕಾದಷ್ಟು ಜನ ಇದಾರೆ. ಎಲ್ರೂ ಸುಸ್ತಾದ್ರು, ನೀನು ಆಗಲಿಲ್ಲ. ಅದು ಇರೋರು ಕಡಿಮೆ," ಎಂದು ಹೇಳಿ ಸೈಕಲ್ ಹತ್ತಿ ಹೋದರು.

ಹೊಸಬರಿಗೆ ಇಲ್ಲಿ ಒಂದು ಮಾತು. ಕೋಚ್ ದೂರ ಹೆಚ್ಚಿಸು ಎಂದಾಗ ಅವಮಾನ ಆಗಿಯೇ ಆಗುತ್ತದೆ. ಅದನ್ನು ಇಲ್ಲವೆಂದು ನಟಿಸಬೇಡಿ. ನಾನು ಒಂದು ತಿಂಗಳು ಹಾಸನಕ್ಕೆ ಹೋಗಲೇ ಇಲ್ಲ. ಆಮೇಲೆ ಬೇರೆ ದಾರಿಯಿಲ್ಲದೆ ಹೋದೆ. ಐದನೆಯವಳಾಗಿ ಮುಗಿಸುವುದು ಸಾಕಾಗಿತ್ತು, ಅಷ್ಟೆ.

ನನ್ನ ಮೊದಲ ಎಂಟುನೂರನ್ನು ಹಾಸನದ ಮೈದಾನದಲ್ಲಿ ನೋಡಿದವರು ಈಗಲೂ ನೆನಪಿಸಿ ನಗುತ್ತಾರೆ. ಎಂಟುನೂರು ಎಂದರೆ ಎರಡು ಸುತ್ತು. ಮೊದಲ ತಿರುವು ಮುಗಿಯುವವರೆಗೆ ಅವರವರ ಲೇನಿನಲ್ಲಿ ಓಡಬೇಕು, ಆಮೇಲೆ ಲೇನ್ ಬಿಟ್ಟು ಎಲ್ಲರೂ ಒಳಗಿನ ಅಂಚಿಗೆ ಸೇರಿಕೊಳ್ಳಬಹುದು. ಅಲ್ಲಿ ಸುತ್ತು ಚಿಕ್ಕದು. ಇದನ್ನು ಸರ್ ನನಗೆ ಹೇಳಿದ್ದರು, ನಾನು ತಲೆಯಾಡಿಸಿದ್ದೆ. ಆದರೆ ಅಷ್ಟು ವರ್ಷ ಸುಣ್ಣದ ಎರಡು ಗೆರೆಗಳ ನಡುವೆಯೇ ಓಡಿದವಳು ನಾನು. ಗೆರೆ ತುಳಿದರೆ ಹೊರಗೆ ಹಾಕುತ್ತಾರೆ ಎಂಬ ಭಯ ಮೈಯಲ್ಲೇ ಕೂತಿತ್ತು. ತಿರುವು ಮುಗಿದ ಮೇಲೆ ಎಲ್ಲರೂ ಒಳಗೆ ಹೋದರು. ನಾನು ಮಾತ್ರ ಏಳನೇ ಲೇನಿನಲ್ಲಿ, ಹೊರಗಿನ ದೊಡ್ಡ ಸುತ್ತಿನಲ್ಲಿ, ಒಬ್ಬಳೇ ಶಕ್ತಿ ಮೀರಿ ಓಡುತ್ತಿದ್ದೆ.

"ಒಳಿಕ್ಕೆ ಬಾ! ಏ, ಒಳಿಕ್ಕೆ ಬಾರೇ!" ಎಂದು ಜನ ಕೂಗಿದರು. ಮೈದಾನದೊಳಗೆ ನುಗ್ಗಿದ ಯಾವುದೋ ದನವನ್ನೋ ಮಗುವನ್ನೋ ಕರೆಯುತ್ತಿದ್ದಾರೆ ಎಂದುಕೊಂಡೆ. ಮೊದಲ ಸುತ್ತು ಮುಗಿಯುವಾಗ ಗುರುಮೂರ್ತಿ ಸರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದು ಕಂಡಾಗ ವಿಷಯ ಹೊಳೆಯಿತು. ಒಳಗೆ ಬಂದೆ. ಅಷ್ಟರಲ್ಲಿ ಕಾಲು ಕಲ್ಲಾಗಿತ್ತು. ಎಲ್ಲರಿಗಿಂತ ಕೊನೆಗೆ, ಹೆಚ್ಚುಕಡಿಮೆ ನಡೆದುಕೊಂಡು ಮುಗಿಸಿದೆ.

ಗೆದ್ದವಳು ನೀರಿನ ಚೊಂಬು ಹಿಡಿದು ನನ್ನ ಹತ್ತಿರ ಬಂದಳು. ಸಣ್ಣ ಆಳು, ಕಪ್ಪು, ಬರಿಗಾಲು. ಅವಳು ಅಳುತ್ತಿದ್ದಾಳೆ ಎಂದುಕೊಂಡೆ. ನೋಡಿದರೆ ನಗು ತಡೆದುಕೊಳ್ಳುತ್ತಿದ್ದಳು.

"ನೀನು ನಮಗಿಂತ ಜಾಸ್ತಿ ದೂರ ಓಡ್ಬುಟ್ಟೆ ಕಣೆ," ಎಂದಳು. "ಫಸ್ಟ್ ಪ್ರೈಜು ನಿಂಗೇ ಕೊಡ್ಬೇಕು."

ಅವಳ ಹೆಸರು ಮಂಜುಳ. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯವಳು. ಅವರಪ್ಪನಿಗೆ ಸ್ವಲ್ಪ ರಾಗಿ ಹೊಲ, ಸ್ವಲ್ಪ ಕಾಫಿ. ಅದೇ ವರ್ಷ ಅವಳಿಗೂ ನಮ್ಮ ಇಲಾಖೆಯಲ್ಲಿ ಕೆಲಸವಾಯಿತು, ಆಲೂರಿನ ಕಚೇರಿಗೆ ಬಂದಳು.

ನನಗೆ ಎಂಟುನೂರು ಕಲಿಸಿದವರು ಗುರುಮೂರ್ತಿ ಸರ್ ಎಂದು ಎಲ್ಲ ಕಡೆ ಹೇಳಿದ್ದೇನೆ. ಅದು ಅರ್ಧ ನಿಜ. ಉಳಿದರ್ಧ ಮಂಜುಳ. ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಹೊಸಕೋಟೆಗೆ ಹೋದರೆ ಅವಳು ಸ್ಟಾಪಿನಲ್ಲಿ ಕಾಯುತ್ತಿದ್ದಳು. ಏರಿಳಿತದ ಮಣ್ಣುದಾರಿ. ನಾನು ಶುರುವಿನಲ್ಲೇ ಜೋರು ಹೊಡೆಯುತ್ತಿದ್ದೆ.

"ಎಲ್ಲಿಗೆ ಹೋಯ್ತಿಯಾ ಮಾರಾಯ್ತಿ? ಮೊದ್ಲು ನಿಧಾನ ಓಡೋದು ಕಲಿ," ಎನ್ನುತ್ತಿದ್ದಳು.

"ನಿಧಾನ ಓಡಕ್ಕೇನು ಕಲಿಯೋದು?"

"ಓಡ್ತಾ ಓಡ್ತಾ ನಂಗೊಂದು ಕತೆ ಹೇಳು ನೋಡನ. ಉಸಿರು ಕಟ್ಟಿದ್ರೆ ನೀನು ಜೋರಾಗಿ ಓಡ್ತಾ ಇದೀಯ ಅಂತ."

ಹಾಗೆ ನಾನು ನಮ್ಮ ಎಸ್ಟೇಟಿನ ಆಳುಗಳ ಲೈನಿನ ಮನೆಗಳ ಸಮಾಚಾರವೆಲ್ಲ ಅವಳಿಗೆ ಹೇಳಿದೆ, ಅವಳು ಹೊಸಕೋಟೆಯ ಸಂತೆಯ ಸಮಾಚಾರವೆಲ್ಲ ಹೇಳಿದಳು. ನಿಧಾನ ಓಡುವುದು ನನಗೆ ನಿಜವಾಗಿ ಕಷ್ಟವಾಯಿತು. ಸ್ಪ್ರಿಂಟರ್‌ಗೆ ಇರುವುದು ಎರಡೇ ಸ್ಥಿತಿ, ನಿಂತಿರುವುದು ಮತ್ತು ಹಾರುವುದು. ನಡುವೆ ಎಷ್ಟೊಂದು ಮೆಟ್ಟಿಲುಗಳಿವೆ ಎಂದು ನನಗೆ ಗೊತ್ತಾದದ್ದು ಆ ಮಣ್ಣುದಾರಿಯಲ್ಲಿ. ಒಂದು ದಿನ ಹೊಲದ ಬದುವಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಗಾಬರಿಯಿಂದ ಎದ್ದು ನಿಂತು ಕೇಳಿದಳು: "ಯಾರ್ಗೇನಾಯ್ತವ್ವಾ? ಹಿಂಗೆ ಓಡ್ತಾ ಇದೀರಲ್ಲ?"

"ಏನೂ ಆಗಿಲ್ಲ ಕಣಜ್ಜಿ. ಕೆಲಸ ಮಾಡ್ತಾ ಇದೀವಿ," ಎಂದಳು ಮಂಜುಳ.

"ಇದ್ಯಾವ ಸೀಮೆ ಕೆಲಸವೋ!" ಎಂದು ಅಜ್ಜಿ ಕೂತಳು.

ನಮ್ಮ ಕಚೇರಿಯ ಮೇಲಧಿಕಾರಿಯ ಅಭಿಪ್ರಾಯವೂ ಅಜ್ಜಿಯದ್ದೇ ಆಗಿತ್ತು. ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಹೊರಡಲು ನನಗೆ ಇಲಾಖೆಯ ಅನುಮತಿ ಇತ್ತು. ನಾನು ಚೀಲ ಎತ್ತಿಕೊಂಡಾಗಲೆಲ್ಲ ಅವರು ಕನ್ನಡಕದ ಮೇಲಿಂದ ನೋಡಿ, "ಓಡಕ್ಕೆ ಹೊರಟ್ರಾ? ಹೋಗಿ ಹೋಗಿ. ನಾವು ಕೂತಿರ್ತೀವಿ," ಎನ್ನುತ್ತಿದ್ದರು. ಆರು ವರ್ಷ ಅದೇ ಮಾತು. ವರ್ಗವಾಗಿ ಹೋಗುವ ದಿನ ಮಾತ್ರ, "ನಿಮ್ ಓಟ ಒಂದ್ಸಲನಾದ್ರೂ ನೋಡ್ಬೇಕಿತ್ತು," ಎಂದರು. ಕರೆದಿದ್ದರೆ ಬರುತ್ತಿದ್ದರೇನೋ. ನನಗೆ ಕರೆಯಲು ತೋಚಿರಲಿಲ್ಲ.

ಎಂಟುನೂರಿನಲ್ಲಿ ಕಲಿಯಲು ಕಷ್ಟವಾದ ಇನ್ನೊಂದು ಸಂಗತಿ ಮೊಣಕೈ. ಲೇನಿನೊಳಗೆ ಓಡುವಾಗ ಯಾರೂ ನಿಮ್ಮನ್ನು ಮುಟ್ಟುವುದಿಲ್ಲ, ನಿಮ್ಮ ಗೆರೆಗಳ ನಡುವೆ ನೀವೇ ಸಾಹುಕಾರ್ತಿ. ಲೇನ್ ಬಿಟ್ಟ ಮೇಲೆ ಎಲ್ಲರಿಗೂ ಅದೇ ಒಳಗಿನ ಅಂಚು ಬೇಕು. ಮುಂದಿನವಳ ಹಿಮ್ಮಡಿ ನಿಮ್ಮ ಮೊಣಕಾಲಿಗೆ ತಾಗುತ್ತದೆ, ಪಕ್ಕದವಳ ಮೊಣಕೈ ಪಕ್ಕೆಗೆ ತಾಗುತ್ತದೆ, ಹಿಂದಿನವಳ ಉಸಿರು ಕತ್ತಿನ ಮೇಲೆ ಬೀಳುತ್ತದೆ. ಮೊದಮೊದಲು ಯಾರಾದರೂ ತಾಗಿದರೆ ನಾನು 'ಸಾರಿ' ಎಂದು ಸರಿದು ದಾರಿ ಬಿಡುತ್ತಿದ್ದೆ. ಹಾಗೆ ಸರಿದು ಸರಿದು ಎರಡು ಓಟ ಸೋತೆ. ಸಂತೆ ದಿನದ ಬಸ್ಸು ಹತ್ತುವಂತೆ ಓಡಬೇಕು ಎಂದು ಮಂಜುಳ ಹೇಳಿಕೊಟ್ಟಳು. ಯಾರನ್ನೂ ತಳ್ಳಬಾರದು, ಆದರೆ ನಿಂತ ಜಾಗ ಬಿಡಬಾರದು. ಎರಡು ವರ್ಷದಲ್ಲಿ ಅದು ನನಗೆ ಬಂತು. ಸ್ಪ್ರಿಂಟಿನಲ್ಲಿ ಗಳಿಸಿದ ವೇಗ ಕೊನೆಯ ನೂರು ಮೀಟರಿಗೆ ಉಳಿದಿತ್ತು. ಆ ನೇರ ಭಾಗಕ್ಕೆ ಮುಂದಿನವರ ಜೊತೆಯಲ್ಲೇ ಬಂದರೆ ನಾನು ಗೆಲ್ಲುತ್ತಿದ್ದೆ. ಇಲಾಖೆಯಲ್ಲಿ ಮಂಜುಳ ಮತ್ತು ನಾನು ಒಂದು ಸಲ ಅವಳು, ಒಂದು ಸಲ ನಾನು ಎಂಬಂತಾದೆವು.

ಈಗ ಆ ಓಟದ ವಿಷಯ.

ಅಖಿಲ ಭಾರತ ಮಟ್ಟದ ಕೂಟಕ್ಕೆ ನಮ್ಮ ಇಲಾಖೆಯಿಂದ ಎಂಟುನೂರಕ್ಕೆ ಒಬ್ಬಳನ್ನೇ ಕಳಿಸುವುದಿತ್ತು. ಅದಕ್ಕೆ ಹಾಸನದಲ್ಲಿ ಆಯ್ಕೆ ಓಟ. ಗೆದ್ದರೆ ಸಾಲದು, ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕು. ತಂಡದ ಹೊಣೆ ಹೊತ್ತಿದ್ದ ಕ್ರೀಡಾಧಿಕಾರಿಯನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಹಿಂದಿನ ದಿನ ಅವರು ನಮ್ಮಿಬ್ಬರನ್ನೂ ಕರೆದರು. ಗುರುಮೂರ್ತಿ ಸರ್ ಅಲ್ಲೇ ಕಿಟಕಿಯ ಹತ್ತಿರ ನಿಂತಿದ್ದರು.

"ಇಬ್ರೂ ಒಬ್ರನ್ನೊಬ್ರು ನೋಡ್ಕೊಂಡು ಓಡಿದ್ರೆ ಟೈಮ್ ಬರಲ್ಲ," ಎಂದರು ಸಾಹೇಬರು. "ಮಂಜುಳ, ನೀನು ಮುಂದೆ ಹೋಗು, ಜೋರಾಗಿ ಎಳಿ. ಎರಡನೇ ಸುತ್ತಿನ ಮೊದಲ ತಿರುವು ಮುಗೀತಿದ್ದಂಗೆ ಒಳಗೆ ಹುಲ್ಲಿಗೆ ಇಳಿದುಬಿಡು. ಅಲ್ಲಿಂದ ಸುಮಿತ್ರ ಹೋಗ್ತಾಳೆ. ಇವಳಿಗೆ ಫಿನಿಶ್ ಇದೆ."

ಮಂಜುಳ ನೆಲ ನೋಡುತ್ತ, "ಆಯ್ತು ಸಾ," ಎಂದಳು. ನಾನು ಏನೂ ಹೇಳಲಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ವೇಗ ಹಾಕಿಕೊಡುವುದು ಆಗ ತಂಡಗಳಲ್ಲಿ ನಡೆಯುತ್ತಿತ್ತು. ಗುರುಮೂರ್ತಿ ಸರ್ ಕೂಡ ಕಿಟಕಿಯ ಆಚೆಗೇ ನೋಡುತ್ತಿದ್ದರು.

ಮರುದಿನ ಮಂಜುಳ ಬಾಣದಂತೆ ಹೊರಟಳು. ಅಷ್ಟು ಜೋರಾಗಿ ಅವಳು ಮೊದಲ ಸುತ್ತು ಓಡಿದ್ದನ್ನು ನಾನು ನೋಡಿರಲಿಲ್ಲ. ನಾನು ಅವಳ ಹಿಂದೆಯೇ ಇದ್ದೆ, ಉಳಿದವರು ಇಬ್ಬರಿಗೂ ದೂರ. ಗಂಟೆ ಹೊಡೆದು ಎರಡನೇ ಸುತ್ತು ಶುರುವಾಯಿತು. ತಿರುವು ಮುಗಿಯಿತು. ಇನ್ನೇನು ಹುಲ್ಲಿಗೆ ಇಳಿಯುತ್ತಾಳೆ ಎಂದು ಅವಳ ಬೆನ್ನನ್ನೇ ನೋಡುತ್ತಿದ್ದೆ. ಇಳಿಯಲಿಲ್ಲ. ಹತ್ತು ಹೆಜ್ಜೆ ಮುಂದೆ ಇಳಿಯಬಹುದು ಎಂದುಕೊಂಡೆ. ಇಳಿಯಲಿಲ್ಲ. ಆ ಇಡೀ ನೇರ ನಾನು ಓಡಲಿಲ್ಲ, ಕಾದೆ. ಕೊನೆಯ ತಿರುವಿನಲ್ಲಿ ಅವಳು ಇಳಿಯುವುದಿಲ್ಲ ಎಂದು ಖಾತ್ರಿಯಾಗಿ ಹೊರಗಿನಿಂದ ದಾಟಲು ಹೋದೆ. ಅವಳ ಮೊಣಕೈ ನನ್ನ ಪಕ್ಕೆಗೆ ತಾಗಿತು. ಅವಳು ಜಾಗ ಬಿಡಲಿಲ್ಲ. ಕೊನೆಯ ನೇರದಲ್ಲಿ ನನ್ನ ಬಳಿ ಇದ್ದ ವೇಗವನ್ನೆಲ್ಲ ತೆಗೆದೆ. ಎದೆಯಷ್ಟು ಅಂತರದಲ್ಲಿ ಅವಳು ಗೆದ್ದಳು. ಗೊತ್ತುಮಾಡಿದ ಸಮಯದೊಳಗೇ ಮುಗಿಸಿದ್ದಳು.

ನಾನು ಇನ್ನೂ ಮಂಡಿಯ ಮೇಲೆ ಕೈಯಿಟ್ಟು ಉಸಿರು ಎಳೆಯುತ್ತಿರುವಾಗಲೇ ಸಾಹೇಬರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. "ಮೊಣಕೈ ಹಾಕಿದ್ದು ನಾನು ನೋಡಿದೀನಿ. ರೆಫರಿ ಹತ್ರ ಹೋಗಣ. ಅಡ್ಡ ಬಂದ್ಲು ಅಂತ ಒಂದು ಮಾತು ಹೇಳು, ಸಾಕು. ಅವಳನ್ನ ತೆಗೆದುಹಾಕ್ತಾರೆ, ನೀನು ಹೋಗ್ತೀಯ."

ರೆಫರಿ ವಯಸ್ಸಾದ ಹೆಂಗಸು, ಬಿಳಿ ಟೋಪಿ, ಬಿಳಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಮಂಜುಳಳನ್ನೂ ಕರೆಸಿದರು. ಅವಳು ಟವೆಲು ಹೊದ್ದು ಬಂದು ನಿಂತಳು.

"ಇವರು ನಿಮಗೆ ಅಡ್ಡ ಬಂದ್ರು ಅಂತ ದೂರು ಇದೆ. ಹೌದೇನಮ್ಮ?" ರೆಫರಿ ನನ್ನನ್ನು ಕೇಳಿದರು.

ಪಕ್ಕೆ ಉರಿಯುತ್ತಿತ್ತು. ಮೊಣಕೈ ತಾಗಿದ್ದು ಸುಳ್ಳಲ್ಲ. ಹೌದು ಎಂದರೆ ನಾನು ಹೋಗುತ್ತಿದ್ದೆ, ಯಾರೂ ನನ್ನನ್ನು ತಪ್ಪು ಎನ್ನುತ್ತಿರಲಿಲ್ಲ. ಹೋಗಬೇಕೆಂಬ ಆಸೆ ನನಗಿತ್ತು, ತುಂಬಾ ಇತ್ತು. ಆದರೆ ಸೋತದ್ದು ಮೊಣಕೈಯಿಂದಲ್ಲ ಎಂಬುದು ನನ್ನ ಕಾಲಿಗೆ ಗೊತ್ತಿತ್ತು. ಜೊತೆಗೆ ಮಂಜುಳಳ ಮೇಲೆ ಬಂದಿದ್ದ ಸಿಟ್ಟಿಗಿಂತ ಹೆಚ್ಚು ಸಿಟ್ಟು ನನ್ನ ತೋಳು ಹಿಡಿದುಕೊಂಡೇ ಇದ್ದ ಆ ಕೈಯ ಮೇಲೆ ಬಂದಿತ್ತು.

"ಇಲ್ಲ ಮೇಡಂ," ಎಂದೆ. "ಅವಳು ಬಿಡ್ತಾಳೆ ಅಂತ ನಾನೇ ಕಾಯ್ಕೊಂಡಿದ್ದೆ. ಅದಕ್ಕೆ ಹಿಂದೆ ಬಿದ್ದೆ."

"ಬಿಡ್ತಾಳೆ ಅಂದ್ರೆ? ಅವಳು ಯಾಕೆ ಬಿಡ್ಬೇಕು?"

ನಾನು ಸಾಹೇಬರ ಕಡೆ ನೋಡಿದೆ. ರೆಫರಿ ಮಂಜುಳಳನ್ನು ನೋಡಿದರು, ಅವಳು ನೆಲ ನೋಡಿದಳು. ಆಮೇಲೆ ಸಾಹೇಬರತ್ತ ತಿರುಗಿ, "ಯಾಕೆ ಬಿಡ್ಬೇಕಿತ್ತು ಸರ್?" ಎಂದು ಕೇಳಿದರು. ಗೆಲ್ಲುವವಳನ್ನು ಮೊದಲೇ ಗೊತ್ತುಮಾಡಿದ ಆ ಏರ್ಪಾಡನ್ನು ರೆಫರಿಯ ಮುಂದೆ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸಾಹೇಬರು ನನ್ನ ತೋಳು ಬಿಟ್ಟರು.

"ಹಾಗಾದ್ರೆ ಫಲಿತಾಂಶ ಇದ್ದಂಗೇ ಇರುತ್ತೆ," ಎಂದು ರೆಫರಿ ಮುಂದಿನ ಓಟಕ್ಕೆ ಹೋದರು.

ಸಂಜೆ ಮಂಜುಳ ಮತ್ತು ನಾನು ಒಂದೇ ಬಸ್ಸಿನಲ್ಲಿ ಹೊರಟೆವು. ಅವಳು ಆಲೂರಿಗೆ, ನಾನು ಸಕಲೇಶಪುರಕ್ಕೆ. ಒಂದೇ ಸೀಟಿನಲ್ಲಿ ಕೂತಿದ್ದೆವು, ಬೇರೆ ಜಾಗವಿರಲಿಲ್ಲ. ಕಂಡಕ್ಟರು ಟಿಕೆಟ್ ಕೊಟ್ಟು ಹೋದ. ಆಮೇಲೆ ನಾನೇ ಕೇಳಿದೆ.

"ಯಾಕೆ ಇಳೀಲಿಲ್ಲ?"

"ಇಳಿಯಣ ಅಂತಾನೇ ಇದ್ದೆ ಕಣೆ. ದೇವ್ರಾಣೆ. ಅಲ್ಲಿಗೆ ಬಂದಾಗ ನೋಡ್ತೀನಿ, ಕಾಲು ಚೆನ್ನಾಗೈತೆ. ಚೆನ್ನಾಗಿರೋ ಕಾಲ್ನ ಹೆಂಗೆ ನಿಲ್ಸದು?"

ನಾನು ಕಿಟಕಿಯ ಕಡೆ ತಿರುಗಿದೆ. ಅವಳೇ ಮುಂದುವರಿಸಿದಳು: "ನಮ್ಮಪ್ಪ ಬಂದಿದ್ರು. ನೋಡ್ದಾ ನೀನು, ಬೇಲಿ ಹತ್ರ ಛತ್ರಿ ಹಿಡ್ಕಂಡು ನಿಂತಿದ್ರಲ್ಲ. ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೋದ್ರು. ಇದುವರ್ಗೂ ಒಂದು ಓಟಾನೂ ನೋಡಿರ್ಲಿಲ್ಲ. ಮಧ್ಯ ಇಳಿದ್ರೆ ಅವರಿಗೆ ಏನಂತ ಹೇಳ್ಲಿ? ಸಾಹೇಬ್ರು ಹೇಳಿದ್ರು ಅಂತ ಹೇಳ್ಲಾ? ಮಗಳು ಸುಸ್ತಾಗಿ ಬಿಟ್ಬುಟ್ಲು ಅಂದ್ಕಳರು."

"ನಂಗೆ ಮೊದ್ಲೇ ಹೇಳ್ಬೋದಿತ್ತು."

"ನಂಗೇ ಗೊತ್ತಿದ್ರೆ ತಾನೆ?" ಎಂದಳು. ಆಲೂರು ಬಂತು. ಇಳಿಯುವಾಗ ಅವಳು ಥ್ಯಾಂಕ್ಸ್ ಹೇಳಲಿಲ್ಲ. ಹೇಳಿದ್ದರೆ ನನಗೆ ಬಹುಶಃ ಕೋಪ ಬರುತ್ತಿತ್ತು. ಮೆಟ್ಟಿಲ ಮೇಲೆ ನಿಂತು, "ಭಾನುವಾರ ಬತ್ತೀಯ?" ಎಂದಳು.

"ನೋಡಣ," ಎಂದೆ. ಆ ಭಾನುವಾರ ಹೋಗಲಿಲ್ಲ. ಅದರ ಮುಂದಿನ ಭಾನುವಾರ ಹೋದೆ.

ಅಖಿಲ ಭಾರತ ಕೂಟದಲ್ಲಿ ಮಂಜುಳ ಹೀಟ್ಸ್‌ನಲ್ಲೇ, ಅಂದರೆ ಫೈನಲ್ಲಿಗೆ ಆರಿಸುವ ಮೊದಲ ಓಟದಲ್ಲೇ, ಹೊರಬಿದ್ದಳು. ಜ್ವರ ಬಂದಿತ್ತಂತೆ. ನಾನು ಹೋಗಿದ್ದರೆ ಏನಾಗುತ್ತಿತ್ತು ಎಂದು ಬಹಳ ಜನ ಕೇಳಿದ್ದಾರೆ. ಬಹುಶಃ ನಾನೂ ಹೊರಬೀಳುತ್ತಿದ್ದೆ, ಜ್ವರವಿಲ್ಲದೆಯೇ.

ಸಾಹೇಬರು ಏನನ್ನೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ತಿಂಗಳು ನಮ್ಮಿಬ್ಬರಿಗೂ ಮಧ್ಯಾಹ್ನದ ಅಭ್ಯಾಸದ ಅನುಮತಿ ರದ್ದಾಯಿತು. ಕಚೇರಿ ಮುಗಿಯುವವರೆಗೆ ಕೂರಬೇಕು. ನಾನು ಬೇರೆ ದಾರಿಯಿಲ್ಲದೆ ಬೆಳಗಿನ ಜಾವದ ಓಟ ಶುರುಮಾಡಿದೆ. ಸಕಲೇಶಪುರದ ಸೇತುವೆ ದಾಟಿ, ಊರು ಬಿಟ್ಟು, ಏರು ಹತ್ತಿ ಇಳಿದು, ವಾಪಸು ಬಂದು ಸ್ನಾನ ಮಾಡಿ ಕಚೇರಿಗೆ. ದಟ್ಟವಾಗಿ ಮಂಜು ಕವಿದ ದಿನ ರಸ್ತೆಯ ಬಿಳಿ ಗೆರೆಯನ್ನಷ್ಟೇ ನಂಬಿಕೊಂಡು ಓಡುತ್ತಿದ್ದೆ. ಶಿಕ್ಷೆ ಎಂದು ಕೊಟ್ಟದ್ದು ನನಗೆ ಒಳ್ಳೆಯದನ್ನೇ ಮಾಡಿತು. ಮುಂದಿನ ವರ್ಷ ರಾಜ್ಯ ಕೂಟದಲ್ಲಿ ಎಂಟುನೂರು ಗೆದ್ದೆ, ಅದರ ಮುಂದಿನ ವರ್ಷವೂ ಗೆದ್ದೆ. ಆ ಎರಡು ಓಟಗಳ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಚೆನ್ನಾಗಿ ಓಡಿದ ಓಟ ಅಷ್ಟಾಗಿ ನೆನಪಿನಲ್ಲಿ ಉಳಿಯುವುದಿಲ್ಲ. ಮಂಜುಳ ಒಂದರಲ್ಲಿ ಎರಡನೆಯವಳು, ಇನ್ನೊಂದರಲ್ಲಿ ಮೂರನೆಯವಳು. ಆಮೇಲೆ ಅವಳು ಐದು ಸಾವಿರ ಮೀಟರಿಗೆ ಹೋದಳು. "ನಿನ್ ಕಾಟ ತಪ್ಪಿಸ್ಕಳಕ್ಕೆ," ಎಂದಳು. ಅಲ್ಲಿ ಅವಳು ನಾನು ಎಂಟುನೂರಿನಲ್ಲಿ ಮಾಡಿದ್ದಕ್ಕಿಂತ ಹೆಚ್ಚು ಹೆಸರು ಮಾಡಿದಳು.

ಅಷ್ಟರಲ್ಲಿ ಕೆಲಸದ ರೀತಿಯೇ ಬದಲಾಗತೊಡಗಿತು. ನಾವು ಶುರುಮಾಡಿದಾಗ ಟ್ರ್ಯಾಕ್ ಎಂದರೆ ಮಣ್ಣು. ಮಳೆ ಬಂದರೆ ಸುಣ್ಣದ ಗೆರೆ ಕರಗಿ, ಯಾವ ಲೇನ್ ಯಾರದೆಂದು ಜಗಳವಾಗುತ್ತಿತ್ತು. ಗುರಿಯ ಹತ್ತಿರ ಏಣಿಯಂಥ ಮೆಟ್ಟಿಲ ಮೇಲೆ ಸಮಯ ನೋಡುವವರು ಸಾಲಾಗಿ ಕೂತಿರುತ್ತಿದ್ದರು, ಒಬ್ಬೊಬ್ಬರ ಗಡಿಯಾರ ಒಂದೊಂದು ಹೇಳುತ್ತಿತ್ತು. ಎರಡು ಸಾವಿರದ ಇಸವಿಯ ಆಚೆಗೆ ದೊಡ್ಡ ಊರುಗಳ ಕೂಟಗಳೆಲ್ಲ ಸಿಂಥೆಟಿಕ್ ಟ್ರ್ಯಾಕಿಗೆ ಹೋದವು, ಸಮಯವನ್ನು ಕ್ಯಾಮೆರಾ ನೋಡತೊಡಗಿತು. ಹಿಂದೆ ಗುರುಮೂರ್ತಿ ಸರ್ ನಮ್ಮ ಮುಖ ನೋಡಿ ಇವತ್ತಿಗೆ ಸಾಕು ಎನ್ನುತ್ತಿದ್ದರು. ಹೊಸ ಕೋಚ್‌ಗಳು ಎದೆಗೆ ಪಟ್ಟಿ ಕಟ್ಟಿ ಬಡಿತ ನೋಡಿ ಸಾಕು ಎಂದರು. ಎರಡರಲ್ಲಿ ಯಾವುದು ಸರಿ ಎಂದು ಕೇಳಿದರೆ ಪಟ್ಟಿಯೇ ಸರಿ ಎನ್ನುತ್ತೇನೆ. ಹಳೆಯದೆಲ್ಲ ಚಿನ್ನ ಎನ್ನುವವಳು ನಾನಲ್ಲ. ಮಣ್ಣಿನ ಟ್ರ್ಯಾಕಿನಲ್ಲಿ ಗುಂಡಿಗೆ ಕಾಲಿಟ್ಟು ಮಂಡಿ ಕಳೆದುಕೊಂಡ ಒಳ್ಳೆಯ ಓಟಗಾರ್ತಿಯರನ್ನು ನಾನು ಬಲ್ಲೆ.

ಆದರೆ ಮಣ್ಣಿನಲ್ಲಿ ಬೆಳೆದ ನನ್ನ ಕಾಲಿಗೆ ಸಿಂಥೆಟಿಕ್ ಒಗ್ಗಲಿಲ್ಲ. ಎಡಗಾಲಿನ ಹಿಮ್ಮಡಿಯ ಮೇಲಿನ ನರ ಹಿಡಿದುಕೊಂಡಿತು. ಡಾಕ್ಟರು ವಿಶ್ರಾಂತಿ ಎಂದರು, ಅಮ್ಮ ಎಣ್ಣೆ ಕಾಯಿಸಿ ತಿಕ್ಕಿದಳು. ಎರಡರಿಂದಲೂ ಸ್ವಲ್ಪ ಸ್ವಲ್ಪ ವಾಸಿಯಾಗುತ್ತಿತ್ತು, ಟ್ರ್ಯಾಕಿಗೆ ಇಳಿದರೆ ಮತ್ತೆ ಬರುತ್ತಿತ್ತು. ಹೀಗೆ ಎರಡು ವರ್ಷ ಎಳೆದೆ. ಕೊನೆಯ ಓಟ ಯಾವುದು ಎಂದು ಓಡುವಾಗ ನನಗೆ ಗೊತ್ತಿರಲಿಲ್ಲ. ನಾಲ್ಕನೆಯವಳಾಗಿ ಮುಗಿಸಿ, ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ವಿದಾಯ, ಹಾರ ಎಂಬುದೆಲ್ಲ ನಮ್ಮ ಕೆಲಸದಲ್ಲಿ ಬಹಳ ಕಡಿಮೆ ಜನರಿಗೆ ಸಿಗುತ್ತದೆ.

ಒಂದು ಸಂಜೆ ಹಾಸನಕ್ಕೆ ಹೋಗಿ ಗುರುಮೂರ್ತಿ ಸರ್‌ಗೆ ಹೇಳಿದೆ: "ಸಾಕು ಅನ್ಸತ್ತೆ ಸಾರ್."

ಅವರಿಗೂ ವಯಸ್ಸಾಗಿತ್ತು. ನನ್ನ ಹಿಮ್ಮಡಿ ನೋಡಲಿಲ್ಲ, ಮುಖ ನೋಡಿದರು. "ಅನ್ಸಿದ್ರೆ ಸಾಕು ಮಾಡು," ಎಂದರು. ಸೈಕಲ್ಲಿನ ಸ್ಟ್ಯಾಂಡು ತೆಗೆಯುತ್ತ, "ನಾಳೆ ಬೆಳಿಗ್ಗೆ ಕಷ್ಟ ಆಗತ್ತೆ. ನಾಡಿದ್ದು ಅಷ್ಟಾಗಲ್ಲ," ಎಂದರು.

ಮರುದಿನ ಜಾವಕ್ಕೇ ಎಚ್ಚರವಾಯಿತು. ಮಲಗಿರಲು ಆಗಲಿಲ್ಲ. ಶಾಲು ಹೊದ್ದು ಮನೆಯ ಮೆಟ್ಟಿಲ ಮೇಲೆ ಬಂದು ಕೂತೆ. ರಸ್ತೆ ಎದುರಿಗೇ ಇತ್ತು. ಸ್ವಲ್ಪ ಹೊತ್ತಿಗೆ ಹಾಲಿನ ವ್ಯಾನು ಬಂತು. ಅದರ ಡ್ರೈವರನನ್ನು ದಿನಾ ಓಡುವಾಗ ಎದುರಿಗೆ ನೋಡುತ್ತಿದ್ದೆ. ಅವನು ದೀಪ ಸಣ್ಣದು ಮಾಡುತ್ತಿದ್ದ, ನಾನು ಕೈಯೆತ್ತುತ್ತಿದ್ದೆ, ಅಷ್ಟೇ ಪರಿಚಯ. ವ್ಯಾನು ಮನೆ ದಾಟಿ ಮುಂದೆ ಹೋಗಿ ನಿಂತಿತು, ಹಿಂದಕ್ಕೆ ಬಂತು.

"ಏನ್ ಮೇಡಂ, ಹುಷಾರಿಲ್ವಾ?" ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಹುಷಾರಾಗಿದೀನಿ. ಓಡೋದು ಬಿಟ್ಟೆ."

"ಬಿಟ್ರಾ?" ಅವನು ಇಂಜಿನ್ ಆರಿಸಿದ. "ನೀವು ಎಲ್ಲಿ ಸಿಕ್ತೀರ ಅಂತ ನೋಡ್ಕಂಡೇ ನಾನು ಲೇಟಾದ್ನೋ ಇಲ್ವೋ ಅಂತ ತಿಳ್ಕಂತಿದ್ದೆ. ಇವತ್ತು ಏರು ಮುಗುದ್ರೂ ಸಿಗ್ಲಿಲ್ಲ. ಏನೋ ಆಗೋಯ್ತು ಅಂತ ಜೋರಾಗಿ ಹೊಡ್ಕಂಡು ಬಂದೆ."

ನಾನು ನಕ್ಕೆ. ಅವನೂ ನಕ್ಕ. ಇಳಿದು ಹಿಂದಿನ ಬಾಗಿಲು ತೆಗೆದು, "ಒಂದು ಪಾತ್ರೆ ತನ್ನಿ," ಎಂದ. ಒಳಗಿಂದ ಪಾತ್ರೆ ತಂದೆ. ಕ್ಯಾನಿನಿಂದ ಬೆಚ್ಚಗಿನ ಹಾಲು ಸುರಿದು, ದುಡ್ಡಿಗೂ ಕಾಯದೆ ಹೊರಟುಹೋದ.

ಹಾಲು ಕಾಯಿಸಿ ಕಾಫಿ ಮಾಡಿದೆ. ಓಟದ ಮುಂಚೆ ಹೊಟ್ಟೆಗೆ ಏನೂ ಹಾಕುವಂತಿಲ್ಲವಾದ್ದರಿಂದ, ಕಾಫಿ ಸೀಮೆಯಲ್ಲೇ ಹುಟ್ಟಿದ ನಾನು ಆ ಹೊತ್ತಿನಲ್ಲಿ ಕಾಫಿ ಕುಡಿದು ಎಷ್ಟೋ ವರ್ಷಗಳಾಗಿದ್ದವು. ಲೋಟ ತುಂಬ ಬಗ್ಗಿಸಿಕೊಂಡು ಮತ್ತೆ ಮೆಟ್ಟಿಲ ಮೇಲೆ ಕೂತು, ಬಿಸಿಬಿಸಿಯಾಗಿ, ಪೂರ್ತಿ ಕುಡಿದೆ.